ಬೀಸುವ ಪದಕ್ಕೆ ಪೇಟಿ

ದೊಡ್ಡ ವಯಸ್ಸಿನವರಿಗೆ ಪೇಟಿ ಕಲಿಸುವುದರಲ್ಲಿ ಈ ಮಾಸ್ತರರನ್ನು ಮೀರಿಸುವವರಿಲ್ಲ, ಯಾರಿಗೆ ಯಾವ ಹಾಡು ಕೊಡಬೇಕೆಂಬುದು ಇವರಿಗೆ ಮುಖ ನೋಡಿದರೇ ತಿಳಿಯುತ್ತದೆ ಎಂದು ಈಗ ಕಂಡಕಂಡವರೆಲ್ಲ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮುಖ ನೋಡಿ ತಿಳಿಯುವ ವಿದ್ಯೆ ನನಗಿದ್ದಿದ್ದರೆ ನಿಂಬರ್ಗಾದ ಆ ರೈತರನ್ನು ಎರಡು ವರ್ಷ ಗೋಳುಹೊಯ್ದುಕೊಳ್ಳುತ್ತಿದ್ದೆನೇ? ಹೀಗೆಂದರೆ ಎದುರಿನವರು ನಕ್ಕು, ಮಾಸ್ತರರದು ವಿನಯ ಎನ್ನುತ್ತಾರೆ. ವಿನಯವೂ ಇಲ್ಲ, ಮಣ್ಣೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ಓದಿದ ಮೇಲೂ ಹೊಗಳಬೇಕೆನಿಸಿದರೆ ಹೊಗಳಲಿ.

ಆಗ ನನಗೆ ಇಪ್ಪತ್ತಾರೋ ಇಪ್ಪತ್ತೇಳೋ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ನಾಟಕ ಕಂಪನಿಯೊಂದರಲ್ಲಿ ಪೇಟಿ ನುಡಿಸುತ್ತಿದ್ದ ಹಿರಿಯರ ಕಾಲು ಹಿಡಿದು ಏಳು ವರ್ಷ ಕಲಿತೆ. ಕಂಪನಿ ಮುರಿದ ಮೇಲೆ ಆಳಂದಕ್ಕೆ ಬಂದು, ಬಜಾರದ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದು ಪಾಠ ಶುರು ಮಾಡಿದೆ. ವಾರದಲ್ಲಿ ಒಂದು ದಿನ ಅಫಜಲಪುರ, ಒಂದು ದಿನ ಜೇವರ್ಗಿ, ಉಳಿದದ್ದು ಆಳಂದ. ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಸಣ್ಣ ಏರು ಬಂದರೂ ಉಬ್ಬಸ ಹಿಡಿದು ನಿಂತುಬಿಡುತ್ತಿದ್ದವು, ಎಲ್ಲರೂ ಇಳಿದು ದೂಡಬೇಕು. ಒಂದು ಹೆಗಲಿಗೆ ಪೇಟಿ ಕಟ್ಟಿಕೊಂಡು ಇನ್ನೊಂದು ಹೆಗಲಿನಿಂದ ಮೋಟಾರು ದೂಡಿದ ಮಾಸ್ತರ ನಾನು.

ನನ್ನ ಹತ್ತಿರ ಬರುತ್ತಿದ್ದವರೆಲ್ಲ ಮೀಸೆ ನರೆಯತೊಡಗಿದವರು. ಹೊಲ, ಅಂಗಡಿ, ಕಚೇರಿ ಮುಗಿಸಿ, ಬೆವರು ಒರೆಸಿಕೊಂಡು ಬಂದು ಕೂಡುವವರು. ಭಜನಾ ಸಂಘದಲ್ಲಿ ನಾಲ್ಕು ಜನರ ನಡುವೆ ಒಂದು ಪದಕ್ಕೆ ಪೇಟಿ ಹಿಡಿಯಬೇಕು ಎಂಬುದಷ್ಟೇ ಅವರ ಆಸೆ. ಏನೂ ಬಾರದವನಿಗೆ ಕಲಿಸುವುದು ಸುಲಭ. ಪಳಗಿದವನಿಗೆ ಕಲಿಸುವುದು ಇನ್ನೂ ಸುಲಭ. ಸರಿಗಮ ಮುಗಿದಿದೆ, ಅಲಂಕಾರ ಕೈಗೆ ಕೂತಿದೆ, ಎರಡು ಭಜನೆ ತಪ್ಪದೆ ಬರುತ್ತವೆ, ಇನ್ನು ಮುಂದೇನು ಎಂದು ಬಾಯಿ ನೋಡುತ್ತ ಕೂಡುತ್ತಾರಲ್ಲ, ಆ ನಡುವಿನವರೇ ಕಷ್ಟ. ಬೆರಳಿಗೆ ಬಂದಿರುವುದು ಇಷ್ಟು, ಮನಸ್ಸಿಗೆ ಬೇಕಾಗಿರುವುದು ಅಷ್ಟು. ಅವರಿಗೆ ತಪ್ಪು ಹಾಡು ಕೊಟ್ಟರೆ ಮುಗಿಯಿತು, ತಮಗೇ ವಿದ್ಯೆ ಹತ್ತಲಿಲ್ಲ ಎಂದುಕೊಂಡು ತಲೆ ತಗ್ಗಿಸಿ ಹೋಗಿಬಿಡುತ್ತಾರೆ. ಮಾಸ್ತರನದು ತಪ್ಪು ಎಂದು ಅವರಿಗೆ ಕನಸಿನಲ್ಲೂ ಹೊಳೆಯುವುದಿಲ್ಲ.

ನಾನು ಕೊಡುತ್ತಿದ್ದದ್ದು ಎಲ್ಲರಿಗೂ ತಪ್ಪು ಹಾಡೇ. ಗುರುಗಳು ಕೈಯಾರೆ ಬರೆದುಕೊಟ್ಟ ಒಂದು ನೋಟಬುಕ್ಕು ನನ್ನ ಬಳಿ ಇತ್ತು. ಅದರಲ್ಲಿ ನಾಟಕದ ಹಾಡುಗಳು, ಒಂದರ ಹಿಂದೆ ಒಂದು, ಈ ಕ್ರಮದಲ್ಲೇ ಕಲಿಸಬೇಕು ಎಂದು. ರಾಜ ಯುದ್ಧಕ್ಕೆ ಹೊರಡುವ ಹಾಡು, ರಾಣಿ ಮುನಿಸಿಕೊಂಡ ಹಾಡು. ಎಲ್ಲವೂ ತಾನುಗಳಿಂದ, ಅಂದರೆ ಸುರಗಳ ವೇಗದ ಓಟಗಳಿಂದ, ಇಡಿಕಿರಿದಿದ್ದವು, ಎಲ್ಲವೂ ಕಂಪನಿಯ ಹೀರೋನ ಗಂಟಲಿಗೆ ಹೊಂದಿಸಿ ಏರಿಸಿಟ್ಟ ಸುರದಲ್ಲಿದ್ದವು. ಹೊಲದಲ್ಲಿ ಎತ್ತುಗಳಿಗೆ ಕೂಗಿ ಕೂಗಿ ಒರಟಾದ ಗಂಟಲಿನವರು ಆ ಸುರಕ್ಕೆ ಹೇಗೆ ಏರಬೇಕು ಎಂಬ ಯೋಚನೆ ಗುರುಗಳಿಗೆ ಬಂದಿರಲಿಲ್ಲ. ಸರಿ, ಅವರು ಹೊಲದವರಿಗೆ ಕಲಿಸಿದವರಲ್ಲ. ನನಗೇನಾಗಿತ್ತು ದಾಡಿ?

ಜೇವರ್ಗಿಯ ಕಚೇರಿಯಲ್ಲಿ ನಕಲು ಬರೆಯುತ್ತಿದ್ದ ಒಬ್ಬರು ಆ ರಾಜನ ಹಾಡಿಗೆ ಏರಿ ಏರಿ ಗಂಟಲು ಕೂತು, ಹದಿನೈದು ದಿನ ಸಾಹೇಬರ ಎದುರು ಕೈಸನ್ನೆಯಲ್ಲಿ ಕೆಲಸ ಮಾಡಿದರು. ಅಫಜಲಪುರದ ಸಿಂಪಿಗರೊಬ್ಬರು ರಾಣಿಯ ಹಾಡಿನ ಎರಡನೆಯ ತಾನಿಗೆ ಸಿಕ್ಕಿಬಿದ್ದು, ಮೂರು ತಿಂಗಳು ಒದ್ದಾಡಿ, ಒಂದು ದಿನ ಪೇಟಿಗೆ ಕೈಮುಗಿದು ಎದ್ದುಹೋದರು. ನಾನು ಅವರ ಬೆನ್ನ ಹಿಂದೆ, ಇವಗ ಸಾಧನೆ ಇಲ್ಲ ಎಂದೆ. ಹೌದು, ಹಾಗೆಯೇ ಅಂದೆ.

ಇಂಥ ಕಾಲದಲ್ಲಿ ನಿಂಬರ್ಗಾದಿಂದ ಆ ರೈತರು ಬಂದರು. ಐವತ್ತರ ಹತ್ತಿರದ ವಯಸ್ಸು, ಎತ್ತರದ ಆಳು, ತೊಗರಿ ಜೋಳ ಬೆಳೆಯುವ ಒಕ್ಕಲಿನ ಮನೆ. ಎಡಗೈಯ ಕಿರುಬೆರಳು ಕುಡುಗೋಲಿಗೆ ಸಿಕ್ಕು ಅರ್ಧಕ್ಕೆ ಮಡಚಿಕೊಂಡಿತ್ತು. ಸೊಲ್ಲಾಪುರದಲ್ಲಿ ದುಡಿಯುವ ತಮ್ಮ ಯಾರದೋ ಹಳೆಯ ಪೇಟಿ ತಂದುಕೊಟ್ಟಿದ್ದನಂತೆ. ಅದನ್ನು ಕಂಬಳಿಯಲ್ಲಿ ಸುತ್ತಿ, ಸಂತೆಯ ದಿನ ಬಂಡಿಯಲ್ಲಿಟ್ಟುಕೊಂಡು ಬಂದಿದ್ದರು. ನನ್ನ ಕಾಲಿಗೆ ನಮಸ್ಕಾರ ಮಾಡಿ, ಎದ್ದು ನಿಂತು, ಮೊದಲ ದಿನವೇ ತಮಗೆ ಏನು ಬೇಕೆಂಬುದನ್ನು ಸ್ಪಷ್ಟವಾಗಿ ಹೇಳಿದರು.

“ನಮ್ಮ ಮನ್ಯಾಕಿ ಬೀಸೂವಾಗ ಒಂದು ಪದ ಹಾಡ್ತಿದ್ದಳ್ರಿ. ಈಗ ಹಾಡವಲ್ಲಳು. ಅದೊಂದು ನನ್ನ ಕೈಗೆ ಬರಬೇಕ್ರಿ. ಮತ್ತೇನೂ ಬ್ಯಾಡ.”

ಯಾಕೆ ಹಾಡುವುದಿಲ್ಲ ಎಂದು ಕೇಳಿದೆ. ಆಳಂದಕ್ಕೆ ಹಿಟ್ಟಿನ ಗಿರಣಿ ಬಂದಿತ್ತು. ಜೊತೆಗೆ ಎದುರಿಗೆ ಕೂತು ಬೀಸುತ್ತಿದ್ದ ನೆಗೆಣ್ಣಿ, ಅಂದರೆ ಇವರ ಅಣ್ಣನ ಹೆಂಡತಿ, ತೀರಿಕೊಂಡಿದ್ದಳು. ಇದರ ಮೇಲೆ ಈಕೆಗೆ ಉಬ್ಬಸ ಗಂಟುಬಿದ್ದಿತ್ತು. ಒಬ್ಬಳೇ ಬೀಸಲು ಆಗದೆ ಜೋಳ ಗಿರಣಿಗೆ ಹೋಗತೊಡಗಿತು, ಕಲ್ಲು ನಿಂತಿತು, ಹಾಡೂ ನಿಂತಿತು. ಮೂವತ್ತು ವರ್ಷ ದಿನಾಲೂ ನಸುಕಿನಲ್ಲಿ ಹಾಸಿಗೆಯಲ್ಲಿ ಬಿದ್ದುಕೊಂಡು ಅರೆನಿದ್ದೆಯಲ್ಲಿ ಕೇಳಿದ ಹಾಡದು. ಅದು ನಿಂತ ಮೇಲೇ ತಮಗೆ ಅದರ ಒಂದು ಸಾಲೂ ಸರಿಯಾಗಿ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಾದದ್ದು. ಉಬ್ಬಸ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು. ಆಕೆಯಲ್ಲಿ ಉಸಿರಿರುವಾಗಲೇ ಹಾಡು ತಮ್ಮ ಕೈಗೆ ಬರಬೇಕು, ಅದಕ್ಕಾಗಿಯೇ ಬಂದಿದ್ದೇನೆ ಎಂದರು.

ಇಷ್ಟು ಕೇಳಿಯೂ ನಾನು ನಕ್ಕೆ. ಮೊದಲು ಸರಿಗಮ ಕಲೀರಿ, ಆಮೇಲೆ ನೋಡೋಣ ಎಂದೆ. ಅವರು ಕಲಿತರು. ಮಡಚಿದ ಕಿರುಬೆರಳನ್ನು ಪಕ್ಕಕ್ಕಿಟ್ಟು, ಎಡಗೈಯಿಂದ ತಿದಿ ಒತ್ತುತ್ತ ಬಲಗೈಯಿಂದ ನುಡಿಸುವುದನ್ನು ಎಂಟು ತಿಂಗಳಲ್ಲಿ ಸಾಧಿಸಿದರು. ಎರಡು ಭಜನೆಗಳೂ ಬಂದವು. ಒಂದು ದಿನ ಪಾಠ ಮುಗಿದ ಮೇಲೆ, ಇನ್ನು ಆಕಿ ಪದ ಹಿಡಿಯೋಣೇನ್ರಿ ಎಂದು ಕೇಳಿದರು. ಅದು ಪೇಟಿಗೆ ತಕ್ಕ ಹಾಡಲ್ಲ, ಅದಕ್ಕೆ ರಾಗವಿಲ್ಲ, ತಾಳವಿಲ್ಲ, ಹೆಂಗಸರು ಬೇಸರ ಕಳೆಯಲು ಗುನುಗುವುದು ಅದು ಎಂದು ನಾನು ನೋಟಬುಕ್ಕು ತೆಗೆದು ರಾಜ ಯುದ್ಧಕ್ಕೆ ಹೊರಡುವ ಹಾಡು ಹಾಕಿಕೊಟ್ಟೆ. ಗುರುಗಳು ಹೇಳಿದ ಮ್ಯಾಲ ಮುಗೀತ್ರಿ ಎಂದು ಅವರು ಅದನ್ನೇ ಹಿಡಿದು ಕೂತರು. ಆರು ತಿಂಗಳ ಮೇಲೆ ಮತ್ತೆ ಕೇಳಿದರು, ಈ ಸಲ ಆಕಿಗೆ ಉಸುರು ಹತ್ತವಲ್ದು ಎಂಬ ಮಾತನ್ನೂ ಸೇರಿಸಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಶಿಷ್ಯನೊಬ್ಬ ಬೀಸುವ ಪದ ನುಡಿಸಿದರೆ ಸಂಘದವರು ನನ್ನ ಬಗ್ಗೆ ಏನೆಂದುಕೊಂಡಾರು? ನನಗಿದ್ದ ಚಿಂತೆ ಅದೊಂದೇ.

ಸಂಘ ಎಂದರೆ ಆಳಂದದ ಭಜನಾ ಸಂಘ. ಅದರ ಯಜಮಾನಿಕೆ ದವಸದ ದಲಾಲಿ ನಡೆಸುವ ಅಡತಿ ಅಂಗಡಿಯ ಒಬ್ಬ ಸಾವಕಾರರದು. ಸಂಘದ ಪೇಟಿ ಅವರದು, ಜಮಖಾನೆ ಅವರದು, ಆದ್ದರಿಂದ ಯಾವ ಪದ ಚಲೋ ಯಾವುದು ಖರಾಬು ಎಂದು ಹೇಳುವ ಹಕ್ಕೂ ಅವರದೇ. ಹಾಡಲು ಬರುತ್ತಿರಲಿಲ್ಲ, ನುಡಿಸಲು ಬರುತ್ತಿರಲಿಲ್ಲ, ತಾಳ ಹಾಕಿದರೆ ಅರ್ಧ ಸಂಘ ದಾರಿ ತಪ್ಪುತ್ತಿತ್ತು. ಆದರೂ ಅವರು ತಲೆಯಾಡಿಸಿದರೆ ನನಗೆ ಹಿಗ್ಗು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಒಂದು ಸೋಮವಾರ ಸಂಜೆ, ಸಂಘದ ಬೈಠಕ್ಕಿನಲ್ಲಿ, ನಿಂಬರ್ಗಾದವರನ್ನು ಮುಂದೆ ಕೂಡಿಸಿ ರಾಜನ ಹಾಡು ನುಡಿಸಿರಿ ಎಂದೆ. ನಾನೇ ಕೂಡಿಸಿದ್ದು. ಮೊದಲ ಸಾಲು ಸಾಗಿತು. ತಾನಿಗೆ ಬಂದಾಗ ಆ ದಪ್ಪ ಬೆರಳುಗಳು ಒಂದರ ಮೇಲೊಂದು ಏರಿ ಎರಡು ಪಟ್ಟಿ ಒಟ್ಟಿಗೆ ಒತ್ತಿದವು. ಮತ್ತೆ ಹಿಡಿದರು, ಮತ್ತೆ ತಪ್ಪಿತು. ಸಾವಕಾರರು, ಹೊಲದಾಗ ಗಳೇ ಹೊಡಿಯೋ ಕೈಗೆ ಪೇಟಿ ಕೊಟ್ರ ಇನ್ನೇನಾದೀತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಜನ ನಕ್ಕರು. ಆಗ ನಾನು ಏನು ಮಾಡಬೇಕಿತ್ತು? ಎದ್ದು ಸಾವಕಾರರ ಮುಖಕ್ಕೆ ನಾಲ್ಕು ಮಾತು ಹೇಳಬೇಕಿತ್ತು. ನಾನು ಶಿಷ್ಯನ ಕಡೆ ತಿರುಗಿ, ಎರಡು ವರ್ಷದಿಂದ ಬಡಕೊಳ್ಳಾಕತ್ತೇನಿ, ನಿಮ್ಮ ತಲ್ಯಾಗ ಏನು ತುಂಬೇದ ಎಂದು ಎಲ್ಲರೆದುರೇ ಬೈದೆ. ನನಗಿಂತ ಇಪ್ಪತ್ತು ಇಪ್ಪತ್ತೈದು ವರ್ಷ ದೊಡ್ಡವರು. ಅವರು ತಿದಿ ಮುಚ್ಚಿ, ಕೊಂಡಿ ಹಾಕಿ, ನಿಧಾನವಾಗಿ ಒಂದು ಮಾತು ಹೇಳಿದರು.

“ನಾ ಈ ಪದ ಕೇಳಿದ್ದಿಲ್ಲಲ್ರಿ ಮಾಸ್ತರ. ನಾ ಕೇಳಿದ್ದು ಬ್ಯಾರೆ.”

ಮುಂದಿನ ಸಂತೆಗೆ ಅವರು ಬರಲಿಲ್ಲ. ಅದರ ಮುಂದಿನ ಸಂತೆಗೂ ಬರಲಿಲ್ಲ. ನನಗೆ ಮೈಮೇಲೆ ಚೇಳು ಬಿಟ್ಟಂತಾಯಿತು. ನನ್ನನ್ನು ಶಿಷ್ಯ ಬಿಟ್ಟುಹೋಗುವುದೆಂದರೇನು, ಹೇಳದೆ ಕೇಳದೆ? ಬಾಯಿಗೆ ಬಂದಂತೆ ಅಂದು ಬರಬೇಕೆಂದು ಬಾಡಿಗೆ ಬಂಡಿ ಹತ್ತಿ ಮಧ್ಯಾಹ್ನದ ಬಿಸಿಲಿನಲ್ಲಿ ನಿಂಬರ್ಗಾಕ್ಕೆ ಹೋದೆ. ಪೇಟಿ ಜೊತೆಗಿತ್ತು. ಅದಿಲ್ಲದೆ ನಾನು ಎಲ್ಲಿಗೂ ಹೋಗುತ್ತಿರಲಿಲ್ಲ, ಅದಿದ್ದರೇ ಜನ ನನ್ನನ್ನು ಮಾಸ್ತರ ಎನ್ನುತ್ತಿದ್ದರು.

ಮನೆಯಲ್ಲಿ ಅವರಿರಲಿಲ್ಲ. ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಅವರ ಹೆಂಡತಿ ಕೂತಿದ್ದರು. ಸಣ್ಣ ಆಳು, ಹಣೆ ತುಂಬ ಕುಂಕುಮ, ಉಸಿರೆಳೆದಾಗಲೆಲ್ಲ ಕೊರಳ ಕೆಳಗೆ ಗುಂಡಿ ಬೀಳುತ್ತಿತ್ತು. ಹೆಗಲ ಮೇಲಿನ ಪೇಟಿ ನೋಡಿಯೇ ನಾನು ಯಾರೆಂದು ಅವರಿಗೆ ಗೊತ್ತಾಯಿತು. ನೀರು ಕೊಟ್ಟರು. ನಾನು ಕುಡಿದು ತಂಬಿಗೆ ಕೆಳಗಿಡುವವರೆಗೆ ಕಾದರು.

“ವರ್ಷದ ಮ್ಯಾಲಾತು, ಇವರ ಕೈಲೆ ಯಾವುದೋ ರಾಜಾನ ಪದ ಬಾರಸಾಕತ್ತೀರಿ. ನನಗಿರೋ ಉಸುರು ಎಷ್ಟಂತ ಇವರು ನಿಮಗ ಹೇಳಲಿಲ್ಲೇನ್ರಿ?”

ಹೇಳಿದ್ದರು. ಒಂದು ಸಲವಲ್ಲ, ಎರಡು ಸಲ ಹೇಳಿದ್ದರು. ಬೈಯಲು ಬಂದವನು ಹೆಗಲಿನ ಪೇಟಿ ಇಳಿಸಿ ಕೆಳಗಿಟ್ಟೆ. ಇವತ್ತಿಗೂ ಆ ಪ್ರಶ್ನೆ ನೆನಪಾದರೆ, ಯಾರ ಮನೆಯಲ್ಲಿ ಕೂತಿದ್ದರೂ ಎದ್ದು ಹೊರಗೆ ಹೋಗಬೇಕೆನಿಸುತ್ತದೆ.

ಅಷ್ಟರಲ್ಲಿ ಯಜಮಾನರು ಹೊಲದಿಂದ ಬಂದರು. ನನ್ನನ್ನು ನೋಡಿ ಗಾಬರಿಯಾಗಿ, ಮಾಸ್ತರರು ಬಂದಾರ ಚಹಾ ಮಾಡು ಎಂದರು. ಚಹಾ ಬೇಡ, ಹಾಡು ಹಾಡಿರಿ, ಈಗಲೇ ಹಿಡಿದುಕೊಳ್ಳುತ್ತೇನೆ ಎಂದು ನಾನು ಪೇಟಿ ಬಿಚ್ಚಿದೆ. ಆ ತಾಯಿ ಒಪ್ಪಲಿಲ್ಲ. ಬೀಸುವ ಪದವನ್ನು ಸುಮ್ಮನೆ ಕೂತು ಹಾಡುವ ಪದ್ಧತಿ ಅವರಲ್ಲಿಲ್ಲ. ಕಲ್ಲು ತಿರುಗಬೇಕು, ಅದೂ ಖಾಲಿ ತಿರುಗಬಾರದು, ಖಾಲಿ ಕಲ್ಲು ತಿರುಗಿಸಿದರೆ ಮನೆಗೆ ಕೇಡು. ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕಿ, ಅದಕ್ಕೆ ನಮಸ್ಕಾರ ಮಾಡಿ, ಗೂಟ ಹಿಡಿದರೆ ಮಾತ್ರ ಪದ. ನನಗೆ ಮತ್ತೆ ಸಿಟ್ಟು ಬಂತು. ಉಸಿರೇ ಇಲ್ಲದವರು ಬೀಸುವುದು ಹೇಗೆ, ಬೀಸದಿದ್ದರೆ ಹಾಡುವುದು ಹೇಗೆ, ಇದೆಂಥ ಹಟ ಎಂದೆ. ಅವರು ಹಟವಲ್ಲ, ಹಂಗ ಬಾಯಿಗೆ ಬರಂಗೇ ಇಲ್ರಿ ಎಂದರು. ಕೈಯಲ್ಲಿ ಗೂಟ ತಿರುಗದಿದ್ದರೆ ಎರಡನೆಯ ಸಾಲು ಯಾವುದೆಂದು ಅವರಿಗೇ ನೆನಪಾಗುತ್ತಿರಲಿಲ್ಲ.

ನಾವಿಬ್ಬರೂ ಹೀಗೆ ವಾದಿಸುತ್ತಿರುವಾಗ ಯಜಮಾನರು ಹಿತ್ತಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದರು. ಮೂಲೆಯಲ್ಲಿ ಗೋಣಿಚೀಲ ಮುಚ್ಚಿಟ್ಟಿದ್ದ ಕಲ್ಲನ್ನು ಎಳೆದು ತಂದು, ಧೂಳು ಒರೆಸಿ, ನೆಗೆಣ್ಣಿ ಕೂಡುತ್ತಿದ್ದ ಜಾಗದಲ್ಲಿ ಕಾಲು ಚಾಚಿ ಕೂತುಬಿಟ್ಟರು. ನಮ್ಮ ಕಡೆ ಗಂಡಸು ಬೀಸುವ ಕಲ್ಲಿಗೆ ಕೂಡುವುದಿಲ್ಲ. ಕೂತವನನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಹೆಂಡತಿ ಮೊದಲು ಬಾಗಿಲ ಕಡೆ ನೋಡಿದರು, ಆಮೇಲೆ ನನ್ನ ಕಡೆ, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಕ್ಕರೂ ಉಬ್ಬಸ ಬರುತ್ತಿತ್ತು. ಸುಧಾರಿಸಿಕೊಂಡು ಎದುರಿಗೆ ಬಂದು ಕೂತು, ಹಿಡಿ ಜೋಳ ಹಾಕಿ, ಗಂಡನ ಕೈಯ ಮೇಲೆ ಬರಿದೇ ತಮ್ಮ ಕೈ ಇಟ್ಟರು. ಅವರು ತಿರುಗಿಸಿದರು, ಇವರು ಹಾಡಿದರು.

ಹಾಡು ಮತ್ತೇನಲ್ಲ, ಆಕೆ ಮದುವೆಯಾಗಿ ಬಂದ ದಾರಿ. ತವರು ಘತ್ತರಗಿ, ಭೀಮೆಯ ದಂಡೆ. ಅಲ್ಲಿಂದ ಒಂಬತ್ತು ವರ್ಷದ ಮದುವಣಗಿತ್ತಿ ಬಂಡಿಯಲ್ಲಿ ಕೂತು ನಿಂಬರ್ಗಾಕ್ಕೆ ಬರುವಾಗ ಕಂಡ ಬಾವಿ, ಬೇವಿನ ಗಿಡ, ಹಳ್ಳ, ಕುರಿಹಟ್ಟಿ, ಒಂದೊಂದಕ್ಕೂ ಒಂದೊಂದು ನುಡಿ. ಪ್ರತಿ ನುಡಿಯ ಕೊನೆಗೂ ‘ಹೊಳ್ಳಿ ನೋಡೀದೆ ನಮ್ಮೂರ’, ಅಂದರೆ ತಿರುಗಿ ನೋಡಿದೆ, ಎಂದು ಬರುತ್ತಿತ್ತು. ಯಾರೋ ಕಟ್ಟಿಕೊಟ್ಟದ್ದಲ್ಲ, ಮೂವತ್ತು ವರ್ಷ ಬೀಸುತ್ತ ಬೀಸುತ್ತ ತಾವೇ ಸೇರಿಸಿಕೊಂಡದ್ದು.

ಪಟ್ಟಿಗಳ ಮೇಲೆ ಹುಡುಕುತ್ತ ಹೋದೆ. ಇಡೀ ಹಾಡು ಐದು ಸುರಗಳಲ್ಲಿತ್ತು. ಕೈ ಜಾಗ ಬಿಟ್ಟು ಕದಲಬೇಕಿಲ್ಲ, ಒಂದೊಂದು ಸುರಕ್ಕೆ ಒಂದೊಂದು ಬೆರಳು. ಒಂದು ಸಾಲಿಗೆ ಒಂದು ಉಸಿರು. ಕಲ್ಲು ಒಂದು ಸುತ್ತು ಬರುವಷ್ಟು ನಿಧಾನ. ಮತ್ತೆ ಮತ್ತೆ ಅದೇ ತಿರುವು, ಆದ್ದರಿಂದ ತಪ್ಪಿದರೂ ಮುಂದಿನ ನುಡಿಯಲ್ಲಿ ಸರಿಮಾಡಿಕೊಳ್ಳಬಹುದು. ಸುರ ನಡುವಯಸ್ಸಿನವರ ಗಂಟಲಿಗೆ ತಕ್ಕದ್ದು. ಎರಡು ಭಜನೆ ಕಲಿತು ಮುಂದೇನು ಎಂದು ಬಾಯಿ ನೋಡುತ್ತ ಕೂತವರಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಗುರು ಬರೆದುಕೊಟ್ಟಾನು? ಇದು ಎರಡು ವರ್ಷ ಎಂಟು ಮೈಲಿಯಾಚೆ ಗೋಣಿಚೀಲದಡಿ ಕೂತಿತ್ತು. ನಾನು ಆಳಂದದಲ್ಲಿ ಕೂತು ಜನರ ಗಂಟಲು ಹರಿಯುತ್ತಿದ್ದೆ. ಏಳು ವರ್ಷ ಏನು ಕಲಿತೆ ನಾನು, ಏನು ಕತ್ತೆ ಕಾಯ್ದೆ?

ಅಂದಿನಿಂದ ವಾರಕ್ಕೊಂದು ದಿನ ನಾನೇ ನಿಂಬರ್ಗಾಕ್ಕೆ ಹೋಗತೊಡಗಿದೆ. ಒಂದು ದಿನಕ್ಕೆ ಎರಡು ನುಡಿ, ಹೆಚ್ಚೆಂದರೆ ಮೂರು. ಅಷ್ಟಕ್ಕೇ ಆಕೆಗೆ ಉಸಿರು ಕಟ್ಟುತ್ತಿತ್ತು. ಓಣಿಯವರು ಬಾಗಿಲಿಗೆ ಬಂದು ಇಣುಕಿ, ಗಂಡಸು ಬೀಸಾಕ ಕುಂತಾನ ನೋಡ್ರಿ ಎಂದು ಕಿಸಕ್ಕೆಂದು ಹೋಗುತ್ತಿದ್ದರು. ಒಬ್ಬ ಸೋದರಸಂಬಂಧಿಯಂತೂ ಬಳೆ ತಂದುಕೊಡಲೇ ಎಂದು ಕೇಳಿದ. ನಾನು ಎದ್ದು ಹೊರಗೆ ಹೋಗಿ ಅವನನ್ನು ಓಣಿಯ ಕೊನೆಯವರೆಗೂ ಬೈದು ಬಂದೆ. ಒಳಗೆ ಬಂದರೆ ಗಂಡಹೆಂಡತಿ ಇಬ್ಬರೂ ಏನೂ ಆಗದವರಂತೆ ಜೋಳ ಹಾಕಿಕೊಳ್ಳುತ್ತಿದ್ದರು.

ಎಲ್ಲ ಕೈಗೆ ಬಂತು, ಒಂದು ಸುರದ ಹೊರತು. ‘ಹೊಳ್ಳಿ ನೋಡೀದೆ’ ಎನ್ನುವಾಗ ಆಕೆ ‘ಹೊಳ್ಳಿ’ ಎಂಬಲ್ಲಿ ನಿಲ್ಲುತ್ತಿದ್ದ ಸುರ ನನ್ನ ಪೇಟಿಯಲ್ಲಿ ಸಿಗಲೊಲ್ಲದು. ಕರಿ ಪಟ್ಟಿ ಒತ್ತಿದರೆ ಅದಕ್ಕಿಂತ ಕೆಳಗೆ, ಪಕ್ಕದ ಬಿಳಿ ಪಟ್ಟಿ ಒತ್ತಿದರೆ ಅದಕ್ಕಿಂತ ಮೇಲೆ. ಎರಡರ ನಡುವೆ ಎಲ್ಲೋ ಇತ್ತು ಅದು, ನಡುವೆ ಪೇಟಿಯಲ್ಲಿ ಏನೂ ಇರುವುದಿಲ್ಲ. ಆಗಲೂ ನನ್ನ ಸೊಕ್ಕು ಇಳಿದಿರಲಿಲ್ಲ ನೋಡಿ, ತಾಯಿ, ಇಲ್ಲಿ ನಿಮ್ಮ ಸುರ ಜಾರುತ್ತದೆ ಎಂದೆ. ಅವರು ಮತ್ತೆ ಹಾಡಿದರು. ಮತ್ತೆ ಅದೇ ಜಾಗ, ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಹತ್ತು ಸಲ ಹಾಡಿಸಿದೆ, ಹತ್ತು ಸಲವೂ ಅದೇ. ಜಾರುವ ಸುರ ಹತ್ತು ಸಲ ಒಂದೇ ಕಡೆ ಜಾರುತ್ತದೆಯೇ? ನಿಮ್ಮ ಪೆಟಿಗ್ಯಾಗ ಇಲ್ಲಂದ್ರ ನಾ ಏನು ಮಾಡ್ಲಿ ಎಂದು ಅವರು ಬೇಸತ್ತು ಕೇಳಿದರು.

ಆಗ ಯಜಮಾನರು ಕಲ್ಲು ನಿಲ್ಲಿಸಿದರು. ಪೇಟಿಯನ್ನು ತಮ್ಮ ಕಡೆ ಎಳೆದುಕೊಂಡು, ನಾ ಅಲ್ಲಿ ಕೈ ಎತ್ತತೇನಿ, ನೀ ಹಾಡು ಎಂದು ಹೆಂಡತಿಗೆ ಹೇಳಿದರು. ಆ ಹೊತ್ತಿಗೆ ಕಲ್ಲು ತಿರುಗಿಸುವವರು ಯಾರು ಎಂಬ ಪ್ರಶ್ನೆ ಬಂತು. ನಾನು ಕೂತೆ. ಜೇವರ್ಗಿಯ ಕಚೇರಿಯವರು, ಆಳಂದದ ಸಾವಕಾರರು ನೋಡಿದ್ದರೆ ಏನೆನ್ನುತ್ತಿದ್ದರೋ, ನನಗೆ ಅದರ ಪರಿವೆಯೇ ಇರಲಿಲ್ಲ. ಅವರು ನುಡಿಸುತ್ತ ಬಂದು ‘ಹೊಳ್ಳಿ’ಗೆ ಬೆರಳು ಎತ್ತಿದರು, ಆಕೆಯ ದನಿ ಒಂದೇ ಅಲ್ಲಿ ನಿಂತಿತು, ‘ನೋಡೀದೆ’ಗೆ ಬೆರಳು ಮತ್ತೆ ಇಳಿಯಿತು. ಆ ಹಾಡು ಅವರ ಕೈಗೆ ಬಂದದ್ದು ಹೀಗೆ. ಅಂದಿನಿಂದ ಅವರು ಬೇರೆ ರೀತಿ ನುಡಿಸಲಿಲ್ಲ.

ಆ ವರ್ಷ ತೊಗರಿ ಹೂ ಬಿಡುವ ಹೊತ್ತಿಗೆ ಆಕೆ ತೀರಿಕೊಂಡರು. ಅಷ್ಟರಲ್ಲಿ ಹಾಡೇನೋ ಪೂರ್ತಿಯಾಗಿತ್ತು, ಕೊನೆಯ ನುಡಿಯನ್ನು ಅವರು ಮಲಗಿಕೊಂಡೇ ಹೇಳಿದ್ದರು. ಅದಕ್ಕೂ ಪಕ್ಕದಲ್ಲಿ ಕಲ್ಲು ತಿರುಗಿಸಬೇಕಾಯಿತು. ಎರಡು ವರ್ಷ ಮೊದಲೇ ಶುರುಮಾಡಿದ್ದರೆ ಆ ದನಿಯ ಜೊತೆ ಆ ಪೇಟಿ ಇನ್ನೂ ಎರಡು ವರ್ಷ ಕೂಡಿ ಹಾಡುತ್ತಿತ್ತಲ್ಲ, ಆ ಎರಡು ವರ್ಷವನ್ನು ತಿಂದವನು ನಾನು. ಇದಕ್ಕೆ ಯಾವ ಸಮಾಧಾನವೂ ಇಲ್ಲ. ಯಾರೂ ಹೇಳಲು ಬರಬಾರದು.

ಮೂರು ತಿಂಗಳ ಮೇಲೆ ಯಜಮಾನರು ಆಳಂದಕ್ಕೆ ಬಂದು ಒಂದು ಮಾತು ಕೇಳಿದರು. ಅಮಾವಾಸ್ಯೆಗೆ ಸಂಘದವರು ಘತ್ತರಗಿಗೆ ಹೋಗಿ ಭಾಗ್ಯವಂತಿಯ ಗುಡಿಯಲ್ಲಿ ಭಜನೆ ಮಾಡುವುದಿತ್ತು. ಅಲ್ಲಿ, ಆಕೆಯ ತವರಿನಲ್ಲಿ, ಹೊಳೆಯ ದಂಡೆಯಲ್ಲಿ ಈ ಪದ ಒಂದು ಸಲ ನುಡಿಸಬೇಕು ಎಂದರು. ನಾನು ಸಾವಕಾರರ ಅಂಗಡಿಗೆ ಹೋದೆ. ದೇವಿಯ ಮುಂದೆ ಹಿಟ್ಟು ಬೀಸುವ ಪದವೇನು, ಜನ ಉಗುಳಾರು ಎಂದರು ಅವರು. ದೇವಿಗೆ ದಿನಾಲೂ ಎಡೆ ಇಡುವ ರೊಟ್ಟಿಯ ಹಿಟ್ಟು ಆಕಾಶದಿಂದ ಉದುರುತ್ತದೇನು ಎಂದು ನಾನು ಕೇಳಿದೆ. ಮಾತಿಗೆ ಮಾತು ಬೆಳೆಯಿತು. ಈ ಪದ ಬೇಡವಾದರೆ ನಾನೂ ಬರುವುದಿಲ್ಲ, ಪೇಟಿ ನೀವೇ ನುಡಿಸಿಕೊಳ್ಳಿ ಎಂದು ಎದ್ದೆ. ಸಾವಕಾರರಿಗೆ ನುಡಿಸಲು ಬರುತ್ತಿರಲಿಲ್ಲವಲ್ಲ, ಒಪ್ಪಿದರು.

ಘತ್ತರಗಿಯಲ್ಲಿ ಅಂದು ಬೆಳಿಗ್ಗೆ ಹೊಳೆಯಲ್ಲಿ ಮಿಂದು ಬಂದ ಜನ ಒದ್ದೆ ಬಟ್ಟೆಯಲ್ಲೇ ಗುಡಿಯ ಸುತ್ತ ಕೂತಿದ್ದರು. ಸಂಘದ ಪದಗಳೆಲ್ಲ ಆದ ಮೇಲೆ ನಿಂಬರ್ಗಾದವರು ಪೇಟಿಯ ಮುಂದೆ ಕೂತರು, ನಾನು ಪಕ್ಕದಲ್ಲಿ. ಅವರು ತಗ್ಗಿದ ದನಿಯಲ್ಲಿ ಹಾಡಿಕೊಂಡು ನುಡಿಸಿದರು. ಮೊದಲ ನುಡಿ ಮುಗಿಯುತ್ತ ಬಂತು. ‘ಹೊಳ್ಳಿ’ ಬಂದಾಗ ಬಾಯಿಯನ್ನೂ ಮುಚ್ಚಿದರು, ಬೆರಳನ್ನೂ ಎತ್ತಿದರು, ಅಷ್ಟು ಹೊತ್ತು ಕಾದು ಮುಂದಕ್ಕೆ ಹೋದರು. ಎರಡನೆಯ ನುಡಿಯಲ್ಲೂ ಹಾಗೇ. ಮೂರನೆಯದಕ್ಕೆ ಸಾವಕಾರರು ಪಕ್ಕದವರಿಗೆ ಮೊಣಕೈಯಿಂದ ತಿವಿದು, ಮಾಸ್ತರರ ಶಿಷ್ಯಗ ಒಂದು ಪಟ್ಟಿ ಸಿಗವಲ್ದು ಎಂದರು. ನಾಲ್ಕಾರು ಜನ ನಕ್ಕರು.

ಎಲ್ಲ ಗೊತ್ತಿದ್ದವನು ನಾನು. ಕಲ್ಲು ತಿರುಗಿಸಿದವನು ನಾನು. ಆದರೂ ನಾಲ್ಕನೆಯ ನುಡಿಯಲ್ಲಿ ಅವರು ಬೆರಳೆತ್ತಿದ ಕ್ಷಣ, ನಗುವವರ ಬಾಯಿ ಮುಚ್ಚಿಸಬೇಕೆಂಬ ಒಂದೇ ಹುಕಿಯಲ್ಲಿ, ನಾನು ಕೈ ಚಾಚಿ ಆ ಕರಿ ಪಟ್ಟಿ ಒತ್ತಿಬಿಟ್ಟೆ.

ಪೇಟಿ ಒದರಿತು. ಅವರು ನಿಲ್ಲಿಸಿದರು. ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ ಮುಖದಲ್ಲಿ, ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ನನ್ನ ಬೆರಳನ್ನು ಎರಡು ಬೆರಳಿನಿಂದ ಹಿಡಿದು ಪಟ್ಟಿಯ ಮೇಲಿನಿಂದ ಎತ್ತಿ ನನ್ನ ತೊಡೆಯ ಮೇಲಿಟ್ಟರು.

“ಅಲ್ಲಿ ಕೈ ಇಡಬ್ಯಾಡ್ರಿ ಮಾಸ್ತರ. ಅದು ಆಕಿ ಜಾಗಾ ಅದ.”

ಸಾವಕಾರರೂ ಕೇಳಿಸಿಕೊಂಡರು, ಎಲ್ಲರೂ ಕೇಳಿಸಿಕೊಂಡರು. ಅವರು ಮತ್ತೆ ಮೊದಲ ನುಡಿಯಿಂದ ಹಿಡಿದರು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಅವುಗಳ ಮೇಲೆ ಕೂತೆ, ಹದಿನಾರು ನುಡಿ ಮುಗಿಯುವವರೆಗೂ ತೆಗೆಯಲಿಲ್ಲ.